ಸಿಪ್ಪೆನೀರು, ಬಸದಿಯ ನೆಲ, ಇರುವೆ

ಬೆಳ್ತಂಗಡಿ ಬಸ್‌ಸ್ಟ್ಯಾಂಡಿನ ಹತ್ತಿರ ನನ್ನದೊಂದು ಜ್ಯೂಸ್ ಅಂಗಡಿ. ಜ್ಯೂಸ್ ಮಾರುವವನಿಗೆ ಹಣ್ಣಿನದ್ದೇ ಚಿಂತೆ ಎಂದು ಜನ ತಿಳಿದಿದ್ದಾರೆ. ಹಣ್ಣಿನ ಚಿಂತೆ ಬೆಳಗ್ಗೆ ಹಣ್ಣು ಬಂದು ಇಳಿದಾಗಲೇ ಮುಗಿಯುತ್ತದೆ. ಅಲ್ಲಿಂದ ಮತ್ತೆ ಸಿಪ್ಪೆಯ ಚಿಂತೆ. ಅನಾನಸಿನ ಮುಳ್ಳುಸಿಪ್ಪೆ, ಮುಸುಂಬಿ ಸಿಪ್ಪೆ, ಹಿಂಡಿ ಬಿಸಾಡಿದ ಲಿಂಬೆ ಎಲ್ಲ ಬಕೆಟ್ ತುಂಬಿ, ಈಗ ಎಂತ ಮಾಡ್ತಿ ಎಂಬಂತೆ ನನ್ನನ್ನೇ ನೋಡುತ್ತಿರುತ್ತವೆ. ಹಸಿಕಸದ ಗಾಡಿ ಬರುವ ಹೊತ್ತನ್ನು ನನಗೆ ತಿಳಿಯದಂತೆ ಆಗಾಗ ಬದಲಾಯಿಸುತ್ತಾರೆ ಎಂಬುದು ನನ್ನ ಹಳೆಯ ಸಂಶಯ. ನನ್ನ ತಲೆಯಲ್ಲಿರುವ ಸಂಶಯಗಳನ್ನು ಒಯ್ಯುವುದಕ್ಕೂ ಅಂಥದೇ ಒಂದು ಗಾಡಿ ಬೇಕೆಂದು ನನ್ನ ಹೆಂಡತಿ ಹೇಳುತ್ತಾಳೆ.

ಅವಳು ಮದುವೆಯಾಗಿ ಬಂದಂದಿನಿಂದ ಬೀಡಿ ಕಟ್ಟುತ್ತಿದ್ದವಳು. ತವರು ಫರಂಗಿಪೇಟೆಯ ಕಡೆ. ಅಲ್ಲಿಯೂ ಅದೇ ಕೆಲಸ. ತೊಡೆಯ ಮೇಲೆ ಗೆರಸೆ, ಗೆರಸೆಯಲ್ಲಿ ಎಲೆ ಮತ್ತು ಹೊಗೆಸೊಪ್ಪಿನ ಪುಡಿ, ಮೇಲೆ ಬಗ್ಗಿದ ಕುತ್ತಿಗೆ. ಈಚೆಗೆ ಅವಳಿಗೆ ಕೆಮ್ಮು ಹಿಡಿಯಿತು. ಕುತ್ತಿಗೆಯ ನೋವು ಬಲಗೈಗೆ ಇಳಿಯಿತು. ಡಾಕ್ಟರು ಈ ಕೆಲಸ ಬಿಡಲೇಬೇಕು ಎಂದರು. ಬಿಟ್ಟು ಎಂತ ಮಾಡುವುದು ಎಂದು ಅವಳು ಕೇಳಿದಳು. ಅದಕ್ಕೆ ಅವರ ಹತ್ತಿರ ಮದ್ದು ಇರಲಿಲ್ಲ. ನಾನು ಧೈರ್ಯ ಮಾಡಿ, "ಅಂಗಡಿ ಉಂಟಲ್ಲ, ನಾನಿದ್ದೇನಲ್ಲ" ಎಂದೆ. ಅವಳು ನನ್ನನ್ನು ಒಮ್ಮೆ ನೋಡಿ, "ಅದೇ ಹೆದರಿಕೆ" ಎಂದಳು.

ತನ್ನ ಕೈಯ ದುಡಿಮೆ ಇಲ್ಲದೆ ಕೂರುವ ಹೆಂಗಸಲ್ಲ ಅವಳು. ಎಲೆ ಕೊಟ್ಟು ಕಟ್ಟಿದ ಬೀಡಿ ತೆಗೆದುಕೊಳ್ಳುವ ಬೀಡಿ ಬ್ರಾಂಚಿನವರು ಮಳೆಗಾಲ ಮುಗಿಯುವವರೆಗೆ ಹೆಸರು ಇಟ್ಟಿರುತ್ತೇವೆ, ಆಮೇಲೂ ಬಾರದಿದ್ದರೆ ತೆಗೆಯುತ್ತೇವೆ ಎಂದಿದ್ದರು. ಅಷ್ಟರೊಳಗೆ ಬೇರೊಂದು ಕೆಲಸ ಕೈಗೆ ಹತ್ತಬೇಕು. ಇಲ್ಲವಾದರೆ ಕೆಮ್ಮಿಕೊಂಡೇ ಗೆರಸೆಯ ಮುಂದೆ ಹೋಗಿ ಕೂರಬೇಕು. ನಮ್ಮ ಮನೆಯಲ್ಲಿ ಆ ದಿನಗಳಲ್ಲಿ ಬೇರೆ ಯಾವ ಮಾತೂ ಇರಲಿಲ್ಲ.

ಆಗ ಅವಳ ಸ್ವಸಹಾಯ ಸಂಘದವರು ಬಂಟ್ವಾಳದಲ್ಲಿ ಒಂದು ತರಬೇತಿಗೆ ಕರೆದರು. ಅಲ್ಲಿಂದ ಬಂದವಳೇ ಚಪ್ಪಲಿ ಕೂಡ ಕಳಚದೆ, "ನಾಳೆಯಿಂದ ನಿಮ್ಮ ಸಿಪ್ಪೆ ಎಲ್ಲ ನನಗೆ" ಎಂದಳು. ಸಿಪ್ಪೆ, ಬೆಲ್ಲ, ನೀರು ಸೇರಿಸಿ ಕ್ಯಾನಿನಲ್ಲಿ ಮೂರು ತಿಂಗಳು ಮುಚ್ಚಿಟ್ಟರೆ ನೆಲ ಒರೆಸುವ ನೀರು ತಯಾರಾಗುತ್ತದಂತೆ. ಫಿನಾಯಿಲ್ ಬೇಡ, ಕೆಮಿಕಲ್ ಬೇಡ, ಬಾವಿಗೆ ಹೋದರೂ ತೊಂದರೆಯಿಲ್ಲ. ಜೀವಮಾನವಿಡೀ ನಾನು ಎಸೆಯಲು ಜಾಗ ಹುಡುಕಿದ ವಸ್ತುವನ್ನು ಒಬ್ಬರು ಬೇಕೆಂದು ಕೇಳುತ್ತಿದ್ದಾರೆ. ನಾನು ಸಂತೋಷಪಡಬೇಕಿತ್ತು. ನಾನು ಕೇಳಿದ್ದು, "ಯಾರು ಹೇಳಿದ್ದು? ಅವರಿಗೆ ಇದರಲ್ಲಿ ಎಂತ ಲಾಭ?"

"ಅವರಿಗೆ ನನ್ನ ಕೆಮ್ಮು ಕೇಳಿ ಸಾಕಾಯ್ತು ಮಾರಾಯ್ರೆ," ಎಂದಳು.

ಗುಜರಿ ಅಂಗಡಿಯಿಂದ ಕ್ಯಾನುಗಳು ಬಂದವು. ಬಚ್ಚಲಿನ ಹಿಂದೆ ಸಾಲಾಗಿ ನಿಂತವು. ಕೆಲವು ದಿನಗಳಲ್ಲಿ ಅವುಗಳ ಹೊಟ್ಟೆ ಉಬ್ಬತೊಡಗಿತು. ಒಳಗೆ ಗಾಳಿ ಹುಟ್ಟುತ್ತದೆ, ದಿನಾ ಮುಚ್ಚಳ ಸಡಿಲಿಸಿ ಬಿಡಬೇಕು ಎಂದು ಅವಳಿಗೆ ಕಲಿಸಿದ್ದರು. ನಾನು ಸ್ನಾನಕ್ಕೆ ಹೋದಾಗ ಗೋಡೆಯ ಆಚೆಯಿಂದ ಗುಳುಗುಳು ಸದ್ದು ಕೇಳುತ್ತಿತ್ತು. ತಲೆಗೆ ನೀರು ಹೊಯ್ದುಕೊಳ್ಳುತ್ತ, ಗೋಡೆ ಯಾವ ಕಡೆಗೆ ಬೀಳಬಹುದು ಎಂದು ಅಂದಾಜು ಮಾಡುತ್ತಿದ್ದೆ. ವಾಸನೆ ಮೊದಲು ಹಣ್ಣಿನದ್ದಿತ್ತು. ಆಮೇಲೆ ಬೇರೆ ಏನೋ ಆಯಿತು. ಬೇಲಿಯಾಚೆಯ ರಿಟೈರ್ಡ್ ಲೈನ್‌ಮ್ಯಾನ್ ಒಂದು ಸಂಜೆ ಮೂಗು ಮೇಲೆತ್ತಿ, "ಇವರೇ, ಅಜ್ಜನ ಕಸುಬು ಪುನಃ ಸುರು ಮಾಡಿದಿರಾ? ನಮಗೂ ಒಂದು ಕುಪ್ಪಿ ಇಡಿ" ಎಂದ.

ನಮ್ಮಜ್ಜ ತಾಳೆಮರ ಹತ್ತಿ ಶೇಂದಿ ಇಳಿಸುತ್ತಿದ್ದವರು. ಅದರಲ್ಲಿ ನಾಚಿಕೆ ಪಡುವುದು ಏನೂ ಇಲ್ಲ, ನಾನು ಪಡುವುದೂ ಇಲ್ಲ. ಆದರೆ ಯಾರು ಅದನ್ನು ಯಾವಾಗ, ಯಾವ ದನಿಯಲ್ಲಿ ಎತ್ತುತ್ತಾರೆ ಎಂದು ನನ್ನ ಕಿವಿ ಸದಾ ಕಾಯುತ್ತಿರುತ್ತದೆ. ಲೈನ್‌ಮ್ಯಾನ್ ತಮಾಷೆಗೆ ಹೇಳಿದ. ತಮಾಷೆಗೆ ಎಂದೇ ಹೇಳಿದ್ದು ಯಾಕೆ ಎಂದು ನಾನು ಒಂದು ವಾರ ಯೋಚಿಸಿದೆ.

ನೀರು ಮಾತ್ರ ಒಳ್ಳೆಯದಾಯಿತು. ನಮ್ಮ ಮನೆಯ ನೆಲ ಹೊಳೆಯಿತು. ಸಂಘದ ಹೆಂಗಸರು ಒಂದೊಂದು ಬಾಟಲಿ ಒಯ್ದರು. ಆದರೆ ನೆರೆಹೊರೆಯವರು ಒಮ್ಮೆ ಮರ್ಯಾದೆಗೆ ಒಯ್ಯುತ್ತಾರೆ, ಎರಡನೆಯ ಸಲ ಅಂಗಡಿಯ ಫಿನಾಯಿಲ್ ತರುತ್ತಾರೆ. ವಾರ ವಾರವೂ ಕ್ಯಾನುಗಟ್ಟಲೆ ಬೇಕೆನ್ನುವ ಒಂದು ಜಾಗ ಸಿಗದೆ ಇದು ಕೆಲಸ ಎನ್ನಿಸಿಕೊಳ್ಳುವ ಹಾಗಿರಲಿಲ್ಲ.

ಆ ಜಾಗ ತಾನಾಗಿ ನನ್ನ ಅಂಗಡಿಯ ಬೆಂಚಿಗೆ ಬಂದು ಕುಳಿತಿತು. ಬಿಳಿ ಸೀರೆಯ, ತೆಳ್ಳಗಿನ, ವಯಸ್ಸಾದ ಹೆಂಗಸು. ಡಾಕ್ಟರ ಹತ್ತಿರ ಬಂದು ವೇಣೂರಿನ ಬಸ್ಸಿಗೆ ಕಾಯುತ್ತಿದ್ದರು. ಲಿಂಬೆ ಜ್ಯೂಸ್ ಕೇಳಿದರು. ಕೊಡುವ ಮೊದಲು ಅವರದ್ದೇ ಪ್ರಶ್ನೆಗಳು. ನೀರು ಸೋಸಿದ್ದೋ? ಯಾವ ಬಟ್ಟೆಯಲ್ಲಿ? ಲಿಂಬೆ ಈಗ ಕೊಯ್ದದ್ದೋ, ಆಗಲೇ ಕೊಯ್ದಿಟ್ಟದ್ದೋ? ಆಹಾರ ಇಲಾಖೆಯವರು ಈಗ ಅಜ್ಜಿಯಂದಿರನ್ನು ಕಳಿಸಲು ಸುರು ಮಾಡಿದ್ದಾರೆ ಎಂದುಕೊಂಡೆ. ಆಮೇಲೆ ಅವರು ಬಕೆಟ್ ಕಡೆ ಬೆರಳು ತೋರಿಸಿ, "ಈ ಸಿಪ್ಪೆಯನ್ನು ಎಲ್ಲಿ ಹಾಕ್ತೀರಿ?" ಎಂದಾಗ ನನಗೆ ಖಾತ್ರಿಯಾಯಿತು.

"ಎಲ್ಲಿಯೂ ಹಾಕುದಿಲ್ಲಮ್ಮ. ಮನೆಯವಳು ನೆಲ ಒರೆಸುವ ನೀರು ಮಾಡ್ತಾಳೆ," ಎಂದೆ. ಸರಕಾರಕ್ಕೆ ಉತ್ತರಿಸುವಾಗ ಪೂರ್ತಿ ಸತ್ಯ ಹೇಳುವುದೇ ಕ್ಷೇಮ.

ಅವರು ಗ್ಲಾಸು ಕೆಳಗಿಟ್ಟರು. ಅವರದ್ದು ಜೈನರ ಮನೆತನ. ಮನೆಯ ಪಕ್ಕದ ಸಣ್ಣ ಬಸದಿಯನ್ನು ತಲೆತಲಾಂತರದಿಂದ ಅವರೇ ನೋಡಿಕೊಳ್ಳುವುದು. ಬಸದಿಯ ನೆಲಕ್ಕೆ ಕೆಲಸದವಳು ಫಿನಾಯಿಲ್ ಹಾಕಿದ ದಿನ, ನೀರು ಹರಿದ ಕಣಿಯಲ್ಲಿ ಎರೆಹುಳಗಳು ಮೇಲೆ ಬಂದು ಹೊರಳಿ ಸಾಯುತ್ತವೆ. ಅದನ್ನು ಕಂಡಮೇಲೆ ಅವರು ಬರೀ ನೀರಿನಲ್ಲಿ ಒರೆಸಲು ಹೇಳಿದರು. ಬರೀ ನೀರಿಗೆ ಎಣ್ಣೆಯ ಜಿಡ್ಡು, ಬಾವಲಿಯ ಹಿಕ್ಕೆ ಹೋಗುವುದಿಲ್ಲ. "ಯಾವುದೂ ಸಾಯದೆ ನೆಲ ಸ್ವಚ್ಛ ಆಗುವಂಥದ್ದು ಉಂಟಾ?" ಎಂದು ಕೇಳಿದರು.

ಮಾರನೆಯ ಭಾನುವಾರ ಹೆಂಡತಿ ಚೆನ್ನಾದ ಸೀರೆ ಉಟ್ಟು, ಎರಡು ಬಾಟಲಿ ಹಿಡಿದು ವೇಣೂರಿಗೆ ಹೊರಟಳು. ನಾನೂ ಹೋದೆ. ಅಷ್ಟು ದೊಡ್ಡ ಮನೆಯವರಿಗೆ ನಮ್ಮ ಸಿಪ್ಪೆನೀರು ಯಾಕೆ ಬೇಕು ಎಂಬುದು ನನಗೆ ಬಗೆಹರಿದಿರಲಿಲ್ಲ. ಚಾವಡಿಯಲ್ಲಿ ಕುರ್ಚಿ ಕೊಟ್ಟರು. ಆ ಮನೆಯ ಅಮ್ಮ ನನ್ನನ್ನು ಒಮ್ಮೆ "ನೀವು" ಎಂದರು, ಒಮ್ಮೆ "ನೀನು" ಎಂದರು. ಯಾವುದು ಅಭ್ಯಾಸದ್ದು, ಯಾವುದು ಪ್ರಯತ್ನದ್ದು ಎಂದು ನಾನು ಮನಸ್ಸಿನಲ್ಲೇ ಲೆಕ್ಕ ಇಡುತ್ತಿದ್ದೆ.

ನಾವೆಲ್ಲ ಆಡುವುದು ತುಳುವಿನಲ್ಲಿ. ಆದರೆ ಆ ದಿನ ಹೆಂಡತಿ ತರಬೇತಿಯಲ್ಲಿ ಕಲಿಸಿದ್ದನ್ನು ಕಲಿಸಿದ ಹಾಗೆಯೇ ಹೇಳಬೇಕೆಂದು ನೇರ ಕುಳಿತು, ಶಾಲೆಯ ಕನ್ನಡದಲ್ಲಿ ಸುರು ಮಾಡಿದಳು: "ಅಮ್ಮ, ಇದು ಸತ್ತ ನೀರಲ್ಲ, ಜೀವ ಇರುವ ನೀರು. ಇದರ ಒಂದೊಂದು ಹನಿಯಲ್ಲಿಯೂ ಕೋಟಿ ಕೋಟಿ ಸೂಕ್ಷ್ಮಜೀವಿಗಳು ಇರ್ತವೆ. ಅವು ನಿಮ್ಮ ನೆಲದ ಕೊಳೆಯನ್ನು ತಿಂದು ಹಾಕ್ತವೆ."

ಅಮ್ಮ ಮುಚ್ಚಳ ತೆಗೆಯುತ್ತಿದ್ದವರು ಅಲ್ಲಿಗೇ ನಿಲ್ಲಿಸಿದರು. ಬಾಟಲಿಯನ್ನು ಮೆಲ್ಲ, ಮಲಗಿದ ಮಗುವನ್ನು ಇಳಿಸುವಂತೆ, ಮೇಜಿನ ಮೇಲಿಟ್ಟರು. ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಎಳೆದುಕೊಂಡರು.

"ಕೋಟಿಯಾ?" ಎಂದರು.

"ಕೋಟಿ ಕೋಟಿ," ಎಂದಳು ಹೆಂಡತಿ. ಬಂಟ್ವಾಳದಲ್ಲಿ ಈ ಮಾತಿಗೆ ಚಪ್ಪಾಳೆ ಬಿದ್ದಿತ್ತಂತೆ.

"ಹಾಗಾದರೆ ಅದನ್ನು ನೆಲಕ್ಕೆ ಸುರಿದು ಬಟ್ಟೆಯಲ್ಲಿ ಉಜ್ಜಿದರೆ ಅವುಗಳದ್ದು ಎಂತ ಗತಿ, ಮಗಾ?"

ಹೆಂಡತಿ ನನ್ನ ಮುಖ ನೋಡಿದಳು. ಇಷ್ಟು ವರ್ಷಗಳಲ್ಲಿ ಅವಳು ಉತ್ತರಕ್ಕಾಗಿ ನನ್ನ ಮುಖ ನೋಡಿದ್ದು ಅದೊಂದೇ ಸಲ. ನಾನು ಬಾಟಲಿಯ ಮುಖ ನೋಡಿದೆ.

ಅಮ್ಮ ಕೋಪಿಸಲಿಲ್ಲ. ಹುಳಿ ಬಂದದ್ದು ನಮಗೆ ಆಗುವುದಿಲ್ಲ ಎಂದರು. ಹುಳಿ ಬಂತೆಂದರೆ ಅದರಲ್ಲಿ ಜೀವ ಹುಟ್ಟಿತು ಎಂದೇ ಅರ್ಥ. "ಹುಳಿ ಬರಿಸದೆ, ಆವತ್ತಿನದ್ದು ಆವತ್ತೇ ಕುದಿಸಿ ತರ್ಲಿಕ್ಕೆ ಆಗ್ತದಾ? ಹಾಗಾದರೆ ವಾರಕ್ಕೊಮ್ಮೆ ಬಸದಿಗೆ, ಮನೆಗೆ, ಭೋಜನಶಾಲೆಗೆ, ಎಲ್ಲದಕ್ಕೂ ನಿನ್ನದೇ ತೆಗೊಳ್ತೇನೆ." ಕುದಿಸಿದರೆ ಜೀವ ಹೋಗುವುದಿಲ್ಲವೇ ಎಂದು ನನ್ನ ನಾಲಗೆಯ ತುದಿಗೆ ಬಂದಿತ್ತು. ಹೆಂಡತಿ ನನ್ನ ಕಾಲು ತುಳಿದಳು.

ಬಸ್ಸಿನಲ್ಲಿ ನಾನು ಹೇಳಿದೆ: "ನಿನಗೆ ಅರ್ಥ ಆಗ್ಲಿಲ್ಲ. ಹುಳಿ ಬಂದದ್ದು ಬೇಡ ಅಂದದ್ದು ಯಾಕೆ ಹೇಳು. ನಾವು ಯಾರು ಅಂತ ಅವರಿಗೆ ಗೊತ್ತುಂಟು. ಅಜ್ಜ ಎಂತ ಮಾಡ್ತಿದ್ದರು ಅಂತಲೂ ಗೊತ್ತುಂಟು. ನಮ್ಮ ಕೈಯಲ್ಲಿ ಹುಳಿ ಬಂದದ್ದು ಅವರ ಬಸದಿಗೆ ಆಗ್ಲಿಕ್ಕಿಲ್ಲ."

"ಅವರ ಮನೆಯಲ್ಲಿ ನಿನ್ನೆಯ ದೋಸೆಹಿಟ್ಟೂ ಇಲ್ಲ. ಅಡಿಗೆಯ ಹೆಂಗಸು ಹೇಳಿದಳು," ಎಂದಳು ಹೆಂಡತಿ. "ದೋಸೆಹಿಟ್ಟಿನ ಅಜ್ಜ ಯಾರು?"

ನಾನು ಗುರುವಾಯನಕೆರೆ ಬರುವವರೆಗೆ ಕಿಟಕಿಯ ಹೊರಗೆ ನೋಡಿದೆ.

ಹೊಸ ನೀರಿಗೆ ಅಂಟುವಾಳ ಬೇಕಾಯಿತು, ನೊರೆಗೆ. ನಾನು ಮೂಡುಬಿದಿರೆಯ ಒಂದು ಗ್ರಂಥಿಗೆ ಅಂಗಡಿಯಿಂದ ತಂದೆ; ಹಳೆಯದನ್ನು ಕೊಟ್ಟಿರಬಹುದೆಂದು ಅಲ್ಲಿಯೇ ಒಂದು ಕಾಯಿ ಒಡೆದು, ಅಂಗಡಿಯವರ ಕುಡಿಯುವ ನೀರಿನಲ್ಲೇ ಉಜ್ಜಿ ನೋಡಿದೆ. ಅವರು ನನಗೆ ಆ ಲೋಟವನ್ನೂ ಕಟ್ಟಿಕೊಟ್ಟರು. ಹೆಂಡತಿ ಬೆಳಗಾಗುತ್ತಲೇ ಅನಾನಸು, ಮುಸುಂಬಿ, ಲಿಂಬೆ ಸಿಪ್ಪೆಗಳನ್ನು ಅಂಟುವಾಳದ ಜೊತೆ ಕುದಿಸಿ, ಬಟ್ಟೆಯಲ್ಲಿ ಸೋಸಿ, ಬಿಸಿ ಇರುವಾಗಲೇ ಕ್ಯಾನಿಗೆ ತುಂಬಿ ಮೊದಲ ಬಸ್ಸಿಗೆ ಹೋದಳು. ಬೆಲ್ಲ ಹಾಕಲಿಲ್ಲ, ಹುಳಿ ಬರಲಿಲ್ಲ. ಬಸ್ಸಿಡೀ ಅನಾನಸಿನ ಪರಿಮಳ ಎಂದು ಕಂಡಕ್ಟರ್ ಕ್ಯಾನಿಗೆ ಟಿಕೆಟ್ ಮಾಡಲಿಲ್ಲವಂತೆ. ಬಸದಿಯ ಎದುರಿನ ಮಂಟಪವನ್ನು ಅಲ್ಲಿಯ ಕೆಲಸದವಳ ಜೊತೆ ಸೇರಿ ಅವಳೇ ಒರೆಸಿ ಬಂದಳು. ಅಮ್ಮ ಬಹಳ ಮೆಚ್ಚಿದರು ಎಂದಳು. ಮೆಚ್ಚಿದವರು ಏನೆಂದು ಹೇಳಿ ಮೆಚ್ಚಿದರು, ಶಬ್ದ ಶಬ್ದ ಹೇಳು ಎಂದೆ. ಅವಳು ಖಾಲಿ ಕ್ಯಾನನ್ನು ತೊಳೆದು ಕವುಚಿ ಹಾಕಿದಳು.

ಎರಡು ದಿನ ಕಳೆದು ಅಮ್ಮನ ಫೋನು ಬಂತು. "ಒಮ್ಮೆ ಬಂದು ನೋಡಿದರೆ ಒಳ್ಳೆಯದಿತ್ತು." ಅಷ್ಟೇ.

ಹೋಗುವಾಗ ನಾನು ದಾರಿಯುದ್ದಕ್ಕೂ ಸಾಧ್ಯತೆಗಳನ್ನು ಹೇಳುತ್ತ ಹೋದೆ. ನೆಲದ ಬಣ್ಣ ಹೋಗಿರಬಹುದು. ಯಾರೋ ಜಾರಿ ಬಿದ್ದು ಸೊಂಟ ಮುರಿದಿರಬಹುದು. ಫಿನಾಯಿಲ್ ಮಾರುವವನು ಚಾಡಿ ಹೇಳಿರಬಹುದು. ಕೆಲಸದವಳಿಗೆ ನಮ್ಮ ಮೇಲೆ ಹೊಟ್ಟೆಕಿಚ್ಚು ಇರಬಹುದು. ಹೆಂಡತಿ ನಡುನಡುವೆ ಕೆಮ್ಮುತ್ತಿದ್ದಳು. ಬ್ರಾಂಚಿನಿಂದ ಹಿಂದಿನ ದಿನವಷ್ಟೇ ಹೇಳಿ ಕಳಿಸಿದ್ದರು: ಎಲೆ ಬಂದಿದೆ, ಅಕ್ಕ ಬರುವುದಾದರೆ ಈ ತಿಂಗಳೊಳಗೆ ಹೇಳಬೇಕಂತೆ.

ಬಸದಿಯ ಬಾಗಿಲಲ್ಲಿ ಅಮ್ಮ ಕೈ ಅಡ್ಡ ಹಿಡಿದು ನಮ್ಮನ್ನು ನಿಲ್ಲಿಸಿದರು. "ಕಾಲು ಇಡಬೇಡಿ. ನೋಡಿ."

ಮಂಟಪದ ಕೆಂಪು ನೆಲದ ತುಂಬ ಸಣ್ಣ ಕಪ್ಪು ಇರುವೆಗಳು. ಒಳಗೆ ಹೋಗುವವರು ಯಾರೂ ಇರಲಿಲ್ಲ. ನಾಲ್ಕೈದು ಮಂದಿ ಹೊಸ್ತಿಲ ಹೊರಗಿನಿಂದಲೇ ಕೈಮುಗಿದು ಹೋಗುತ್ತಿದ್ದರು. ಗುಡಿಸುವಂತಿಲ್ಲ, ನೀರು ಹೊಯ್ಯುವಂತಿಲ್ಲ, ಅರಸಿನ ಉದುರಿಸುವಂತೆಯೂ ಇಲ್ಲ. ಬೇರೆ ಎಲ್ಲಿಯಾದರೂ ಆಗಿದ್ದರೆ ಒಂದು ಹಿಡಿಸೂಡಿ ಸಾಕಿತ್ತು. ನೆಲ ಸ್ವಚ್ಛವಾಗಲೆಂದು ತರಿಸಿದ ನೀರಿನಿಂದ, ಆ ನೆಲವನ್ನು ಮುಟ್ಟುವುದಕ್ಕೇ ಆಗದ ಹಾಗಾಗಿತ್ತು.

ನನ್ನ ತಲೆ ಅಂಥ ಹೊತ್ತಿನಲ್ಲಿ ಮಾತ್ರ ಚುರುಕಾಗುತ್ತದೆ. ಆ ಬಸದಿಯಲ್ಲಿ ಅಭಿಷೇಕಕ್ಕೆ ಎಳನೀರು, ಹಾಲು, ಕಬ್ಬಿನ ಹಾಲು ಎಲ್ಲ ಉಂಟೆಂದು ನನಗೆ ಗೊತ್ತಿತ್ತು. "ಅಮ್ಮ, ತಪ್ಪು ತಿಳಿಯಬೇಡಿ," ಎಂದೆ, "ಅಭಿಷೇಕದ ಕಬ್ಬಿನ ಹಾಲು ಏನಾದರೂ ಹೊರಗೆ ಹರಿದು ಬಂದಿದ್ದರೆ..."

"ಕಬ್ಬಿನ ಹಾಲು ಬೀಳುದು ಒಳಗೆ, ತೀರ್ಥದ ಕಲ್ಲಿಗೆ," ಎಂದರು ಅಮ್ಮ. "ಒಳಗೆ ಒಂದು ಇರುವೆಯೂ ಇಲ್ಲ. ಹೋಗಿ ನೋಡಬಹುದು, ಆದರೆ ಹೋಗುದು ಹೇಗೆ?"

"ಅಂಟುವಾಳ ಹಳೆಯದಿರಬಹುದು. ನನಗೆ ಆಗಲೇ ಸಂಶಯ ಇತ್ತು."

ಹೆಂಡತಿ ಹೊಸ್ತಿಲ ಹತ್ತಿರ ಮೊಣಕಾಲೂರಿ ಕುಳಿತು ನೋಡುತ್ತಿದ್ದಳು. "ಅಂಟುವಾಳ ಅಲ್ಲ, ಕಬ್ಬೂ ಅಲ್ಲ," ಎಂದಳು. "ನನ್ನ ಕೈ."

ಅವಳು ತೋರಿಸಿದ ಮೇಲೆ ನನಗೂ ಕಂಡಿತು. ಇರುವೆಗಳು ಎಲ್ಲೆಂದರಲ್ಲಿ ಇರಲಿಲ್ಲ. ಕುಳಿತು ಬಟ್ಟೆಯಲ್ಲಿ ನೆಲ ಒರೆಸುವವರ ಕೈ ಎಡದಿಂದ ಬಲಕ್ಕೆ ಕಮಾನಿನಂತೆ ಹೋಗಿ ಬರುತ್ತದಲ್ಲ, ಅದೇ ಕಮಾನಿನ ಗೆರೆಗಳಲ್ಲಿ ಸಾಲುಗಟ್ಟಿದ್ದವು. ಒಂದು ಕಮಾನು, ಅದರ ಹಿಂದೆ ಒಂದು, ಅದರ ಹಿಂದೆ ಇನ್ನೊಂದು, ಬಾಗಿಲವರೆಗೆ. ಅವಳು ಒರೆಸುತ್ತ ಹಿಂದೆ ಹಿಂದೆ ಬಂದ ದಾರಿಯನ್ನು ಇರುವೆಗಳು ಅಕ್ಷರ ತಿದ್ದಿದ ಹಾಗೆ ತಿದ್ದಿದ್ದವು. ಎಡಗಡೆಗೆ ಕಮಾನು ದೊಡ್ಡದು, ಬಲಗಡೆಗೆ ಚಿಕ್ಕದು. ಬಲಗೈಯ ನೋವು ಎಲ್ಲಿ ತಡೆಯಿತು ಎಂಬುದನ್ನು ಕೂಡ ಓದಬಹುದಿತ್ತು.

"ಅನಾನಸಿನ ಸೀ, ಅದರ ಸಕ್ಕರೆ," ಎಂದಳು. "ಕ್ಯಾನಿನಲ್ಲಿ ಇಟ್ಟಾಗ ಆ ಸೀಯನ್ನು ತಿಂದು ಮುಗಿಸ್ಲಿಕ್ಕೆ ಒಳಗೆ ಆ ಕೋಟಿ ಸೂಕ್ಷ್ಮಜೀವಿಗಳು ಇದ್ದವು. ಇದರಲ್ಲಿ ತಿನ್ನುವವರು ಯಾರೂ ಇಲ್ಲ. ಹಾಗೆ ನೆಲದಲ್ಲಿಯೇ ಉಳಿಯಿತು. ಇವು ಬಂದವು."

"ಹಾಗಾದರೆ ಅಲ್ಲಿ ಅವು ಬೇಡ ಅಂತ ನಾನು ಹೇಳಿದ್ದಕ್ಕೆ ಇಲ್ಲಿ ಇವು ಬಂದದ್ದು," ಎಂದರು ಅಮ್ಮ. ಅವರ ಮುಖದಲ್ಲಿ ನಗು ಇತ್ತೋ ಇಲ್ಲವೋ ನನಗೆ ತಿಳಿಯಲಿಲ್ಲ. ನಗುವಾಗಿದ್ದರೆ ಯಾವ ಬಗೆಯದ್ದು ಎಂದೂ ತಿಳಿಯಲಿಲ್ಲ.

ಆ ದಿನ ಇರುವೆಗಳನ್ನು ಮರ್ಯಾದೆಯಿಂದ ಕಳಿಸಿಕೊಡುವ ಕೆಲಸ ನಡೆಯಿತು. ಹೊರಗೆ ಅಂಗಳದ ಮೂಲೆಯಲ್ಲಿ ಒಂದು ಬಾಳೆಲೆ, ಅದರ ಮೇಲೆ ಬೆಲ್ಲ ಮತ್ತು ತೆಂಗಿನಕಾಯಿ ತುರಿ. ಅಲ್ಲಿಂದ ಬಾಗಿಲವರೆಗೆ ಬೆಲ್ಲದ ಪುಡಿಯ ಸಣ್ಣ ಗೆರೆ. ಅಮ್ಮನ ಮನೆಯವರಿಗೆ ಇದು ಹೊಸತಲ್ಲ. ಆದರೆ ಇಷ್ಟೊಂದು ನೆಂಟರು ಒಟ್ಟಿಗೆ ಬಂದದ್ದು ಇದೇ ಮೊದಲಂತೆ. ನನ್ನನ್ನು ಗೆರೆಯ ಪಕ್ಕ ನಿಲ್ಲಿಸಿದರು. ಬರುವವರು ತುಳಿಯದಂತೆ ನೋಡಿಕೊಳ್ಳುವುದು ನನ್ನ ಕೆಲಸ. ಬೆಳ್ತಂಗಡಿಯಲ್ಲಿ ಅಂಗಡಿಯ ಶಟರ್ ಎಳೆದು, ವೇಣೂರಿನಲ್ಲಿ ಇರುವೆಗಳಿಗೆ ಟ್ರಾಫಿಕ್ ಪೊಲೀಸ್ ಆಗಿ ನಿಂತೆ. ಗೊತ್ತಿದ್ದ ಒಬ್ಬ ರಿಕ್ಷಾದವನು ಗೇಟಿನಲ್ಲಿ ನಿಧಾನಿಸಿ, "ಎಂತ ಸಾವುಕಾರ್ರೆ, ಹೊಸ ಡ್ಯೂಟಿಯಾ?" ಎಂದು ಕೇಳಿ ಹೋದ. ಸಂಜೆಯ ಮೊದಲು ಬೆಳ್ತಂಗಡಿಯಲ್ಲಿ ಎಲ್ಲರಿಗೂ ಗೊತ್ತಾಗುತ್ತದೆ ಎಂದುಕೊಂಡೆ. ಆಗಿತ್ತು.

ಹೆಂಡತಿ ಹೊಸ್ತಿಲ ಹತ್ತಿರವೇ ಕುಳಿತಿದ್ದಳು. ಇರುವೆಗಳು ಒಂದೊಂದೇ ಗೆರೆ ಹಿಡಿದು ಹೊರಗೆ ಬರುವುದನ್ನು ನೋಡುತ್ತ, "ಇವು ಹೊರಟ ಹಾಗೆ ನನ್ನ ಕೆಲಸವೂ ಹೊರಟಿತು," ಎಂದಳು. ಅದನ್ನು ಅವಳು ನನಗೆ ಹೇಳಿದ್ದಲ್ಲ. ನನಗೆ ಹೇಳಿದ್ದರೆ ನಾನು ಏನಾದರೂ ಒಂದು ಸಂಶಯ ಹೇಳಿ ಅವಳನ್ನು ಸಿಟ್ಟಿಗೆಬ್ಬಿಸಬಹುದಿತ್ತು.

ಹೊರಡುವಾಗ ಅಮ್ಮ ಬೇಡ ಎನ್ನಲಿಲ್ಲ, ಬೇಕು ಎನ್ನಲೂ ಇಲ್ಲ. "ಇನ್ನೊಮ್ಮೆ ನೋಡುವ," ಎಂದರು. ನಮ್ಮ ಕಡೆ "ನೋಡುವ" ಎಂದರೆ ಬೇಕೂ ಆಗಬಹುದು, ಸಾಕೂ ಆಗಬಹುದು.

ಮನೆಗೆ ಬಂದವಳು ಸಿಪ್ಪೆಗಳನ್ನು ವಿಂಗಡಿಸಿದಳು. ಅನಾನಸು ಒಂದು ಕಡೆ, ಮುಸುಂಬಿ ಒಂದು ಕಡೆ, ಎರಡೂ ಹಳೆಯ ಕ್ಯಾನುಗಳಿಗೆ. ಬಸದಿಯ ನೀರಿಗೆ ಹಿಂಡಿದ ಲಿಂಬೆ ಮಾತ್ರ. ಅದರಲ್ಲಿ ಸೀ ಎಂಬುದು ಹೆಸರಿಗಷ್ಟೇ. ಲೈನ್‌ಮ್ಯಾನನ ಬೇಲಿಯಲ್ಲಿ ಒಂದು ಬಿಂಬುಳಿ ಮರ ಇತ್ತು, ಉಪ್ಪಿನಕಾಯಿಗೆ ಹಾಕುವ ಹುಳಿ ಕಾಯಿಯದ್ದು. ಕಾಯಿ ಬಿದ್ದು ಬಿದ್ದು ಕೊಳೆಯುತ್ತಿದ್ದವು. ಅದನ್ನೂ ಕೇಳಿ ತಂದಳು. ಅವನು ಬುಟ್ಟಿ ತುಂಬಿಸಿಕೊಟ್ಟು, "ಈ ಸಲದ್ದು ಸ್ವಲ್ಪ ಹುಳಿ ಜಾಸ್ತಿ ಇರ್ತದೆ ಅಲ್ವಾ?" ಎಂದ. ಅವಳು, "ನಿಮ್ಮ ಮಾತಿನಷ್ಟಿಲ್ಲ," ಎಂದಳು. ಅವನು ಬಹಳ ಹೊತ್ತು ನಕ್ಕ. ನನಗೂ ಆ ನಗುವಿನಲ್ಲಿ ಏನೂ ಸಿಗಲಿಲ್ಲ, ಎಷ್ಟು ಹುಡುಕಿದರೂ.

ಅಂಟುವಾಳ, ಲಿಂಬೆ, ಬಿಂಬುಳಿ ಕುದಿಸಿ ಸೋಸಿದ ನೀರನ್ನು ಪರೀಕ್ಷೆ ಮಾಡುವ ಜವಾಬ್ದಾರಿಯನ್ನು ನಾನೇ ಕೇಳಿ ಪಡೆದೆ. ಅಡುಗೆಮನೆಯ ನೆಲದ ಎಡ ಅರ್ಧಕ್ಕೆ ಅನಾನಸಿನ ನೀರು, ಬಲ ಅರ್ಧಕ್ಕೆ ಲಿಂಬೆಯ ನೀರು. ಕುರ್ಚಿ ಹಾಕಿ ಕಾದೆ. ಇರುವೆಗಳು ಎಡಕ್ಕೆ ಬಂದವು. ಬಲಗಡೆಗೆ ಬಂದವು ಮೀಸೆ ಆಡಿಸಿ, ಏನೋ ಮರೆತವರಂತೆ ವಾಪಸು ಹೋದವು. ಆದರೂ ನನಗೆ ಬಲಗಡೆಯ ಕಿಟಕಿಯ ಬಿಸಿಲಿನಿಂದ ಹಾಗಾಯಿತೋ ಎಂಬ ಶಂಕೆ. ಮರುದಿನ ಎಡ ಬಲ ಬದಲಾಯಿಸಿದೆ. ಮತ್ತೂ ಒಂದು ದಿನ ಚಾವಡಿಯಲ್ಲಿ ಮಾಡಿದೆ. "ಬೆಳ್ತಂಗಡಿಯ ಎಲ್ಲ ಇರುವೆಗಳ ಹತ್ತಿರ ಕೇಳಿ ಆದಮೇಲೆ ಹೇಳಿ, ನಾನು ಹೊರಡ್ತೇನೆ," ಎಂದಳು ಹೆಂಡತಿ.

ವೇಣೂರಿನಿಂದ ಮಾತ್ರ ಫೋನು ಬರಲಿಲ್ಲ. ಅವರು ಬೇರೆ ಯಾರನ್ನೋ ಗೊತ್ತುಮಾಡಿದ್ದಾರೆ ಎಂದೆ. ಅವರ ಮಗ ಮಂಗಳೂರಿನಿಂದ ಏನೋ ತರಿಸಿಕೊಟ್ಟಿದ್ದಾನೆ ಎಂದೆ. ಅವರಿಗೆ ಮಗನಿದ್ದಾನೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಬ್ರಾಂಚಿನವರ ತಿಂಗಳು ಮುಗಿಯುತ್ತ ಬಂದಿತ್ತು. ಒಂದು ಬೆಳಗ್ಗೆ ಹೆಂಡತಿ ಕರೆಗೆ ಕಾಯದೆ ನೀರು ಕುದಿಸಿ, ಕ್ಯಾನ್ ತುಂಬಿ, "ಬರುವುದಾದರೆ ಬನ್ನಿ," ಎಂದಳು.

ಅಮ್ಮ ನಮ್ಮನ್ನು ಕಂಡು ಆಶ್ಚರ್ಯಪಡಲಿಲ್ಲ. ಮೊಣಕಾಲು ನೋವಿನಿಂದ ಮಲಗಿದ್ದರಂತೆ. ಫೋನು ಮಾಡಲು ಯಾರಿಗೋ ಹೇಳಿದ್ದರು, ಅವರು ಮರೆತಿದ್ದರು. ಹೀಗೆ ಸರಳವಾದ ಕಾರಣಗಳು ಇರುತ್ತವೆ ಎಂದು ನನಗೆ ಯಾವತ್ತೂ ಹೊಳೆಯುವುದಿಲ್ಲ. ಅವರು ಕೋಲೂರಿ ಬಸದಿಯವರೆಗೆ ಬಂದು ಜಗಲಿಯಲ್ಲಿ ಕುಳಿತರು. ಹೆಂಡತಿ ಮೊದಲು ಮೆಟ್ಟಿಲು, ಆಮೇಲೆ ಜಗಲಿ ಒರೆಸಿದಳು. ಎಣ್ಣೆಯ ಜಿಡ್ಡು ಬಿಟ್ಟಿತು. ಬಾವಲಿಯ ಹಿಕ್ಕೆ ಬಿಟ್ಟಿತು. ತೊಳೆದ ನೀರು ಕಣಿಗೆ ಹರಿಯಿತು. ನಾನು ಹೋಗಿ ಕಣಿಯ ಹತ್ತಿರ ಕುಕ್ಕರಗಾಲಿನಲ್ಲಿ ಕುಳಿತೆ. ಎರೆಹುಳ ಒಂದೂ ಮೇಲೆ ಬರಲಿಲ್ಲ. ಕಣಿಯಲ್ಲಿ ಎರೆಹುಳವೇ ಇಲ್ಲವೋ ಏನೋ ಎಂದು ಒಂದು ಕಡ್ಡಿಯಲ್ಲಿ ಮಣ್ಣು ಕೆದಕಿ ನೋಡಿದೆ. ಇದ್ದವು. ಅಮ್ಮ ಅಲ್ಲಿಂದಲೇ, "ಅವುಗಳಷ್ಟಕ್ಕೆ ಅವು ಇರ್ಲಿ," ಎಂದರು.

ನೆಲ ಒಣಗುವವರೆಗೆ ಕಾದೆವು. ಅಮ್ಮನ ಊಟದ ಹೊತ್ತು ಮೀರುತ್ತಿತ್ತು, ಅವರು ಏಳಲಿಲ್ಲ. ಕೊನೆಗೆ ಒಂದು ಇರುವೆ ಬಂತು. ಜಗಲಿಯ ಅಂಚಿನಲ್ಲಿ ನಿಂತಿತು. ನಮ್ಮ ಮೂವರ ಕಣ್ಣೂ ಅದರ ಮೇಲೆ. ಅದು ಕಮಾನಿನ ಗೆರೆ ಹಿಡಿಯಲಿಲ್ಲ. ನೇರವಾಗಿ ನೆಲ ದಾಟಿ ಗೋಡೆ ಹತ್ತಿ ತನ್ನ ಕೆಲಸಕ್ಕೆ ಹೋಯಿತು.

"ಬಸದಿಯ ಒಳಗೆ ಬೇಡ," ಎಂದರು ಅಮ್ಮ. "ಒಮ್ಮೆ ನೋಡಿದ ಮೇಲೆ ನನಗೆ ಧೈರ್ಯ ಬರುದಿಲ್ಲ. ಮಂಟಪಕ್ಕೆ ಬರೀ ನೀರು ಸಾಕು. ಹೊರಗಿನ ಜಗಲಿ, ಮೆಟ್ಟಿಲು, ಮನೆ, ಭೋಜನಶಾಲೆ, ಇದೆಲ್ಲ ನಿನ್ನದು. ವಾರವಾರ ತರ್ತೀಯಾ?"

"ತರ್ತೇನೆ," ಎಂದಳು ಹೆಂಡತಿ. ಅವಳ ದನಿ ಗಟ್ಟಿಯಾಗಿಯೇ ಇತ್ತು. ಮಂಟಪ ಹೋದದ್ದು ಅವಳಿಗೆ ನೋವಾಯಿತೆಂದು ನನಗೆ ಗೊತ್ತಾದದ್ದು, ಅವಳು ತೊಳೆದ ಬಕೆಟನ್ನೇ ಪುನಃ ತೊಳೆದಾಗ.

ಬಸ್ಸು ಬೆಳ್ತಂಗಡಿಗೆ ಬಂದಾಗ ಅವಳು ಮನೆಯ ದಾರಿ ಬಿಟ್ಟು ಬೀಡಿ ಬ್ರಾಂಚಿನ ಕಡೆ ತಿರುಗಿದಳು. ನಾನು ಹಿಂದಿನಿಂದ, ಒಂದು ಮನೆಯನ್ನು ನಂಬಿ ಹೀಗೆ ಮಾಡುವುದು ಸರಿಯಲ್ಲ, ಮೊಣಕಾಲು ನೋವಿನ ಹೆಂಗಸು, ನಾಳೆ ಮನಸ್ಸು ಬದಲಾದರೆ, ಹೆಸರು ಇದ್ದರೆ ಇರಲಿ, ಹೆಸರಿಗೇನು ಅನ್ನ ಹಾಕಬೇಕೆ ಎಂದೆಲ್ಲ ಹೇಳುತ್ತ ಹೋದೆ. ಒಳಗೆ ಎಲೆ ತೂಗುತ್ತಿದ್ದವನು ತಲೆಯೆತ್ತಿ, "ಬಂದಿರಾ ಅಕ್ಕ? ಎಲೆ ಒಳ್ಳೆಯದುಂಟು ಈ ಸಲ," ಎಂದ.

"ನನ್ನ ಹೆಸರು ತೆಗೀರಿ," ಎಂದಳು.

"ಆಮೇಲೆ ಬಂದು ಪುನಃ ಸೇರಿಸಿ ಅನ್ಲಿಕ್ಕಿಲ್ಲ."

"ಅನ್ನುದಿಲ್ಲ." ಅಷ್ಟು ಹೇಳುವಷ್ಟರಲ್ಲಿ ಹೊಗೆಸೊಪ್ಪಿನ ಘಾಟಿಗೆ ಅವಳಿಗೆ ಕೆಮ್ಮು ಬಂತು. ಅವನು ಪುಸ್ತಕ ತೆರೆದು ಹೆಸರಿನ ಮೇಲೆ ಗೆರೆ ಎಳೆದ.

ಈಗ ನನ್ನ ಸಂಶಯಗಳು ಗಿರಾಕಿಗಳ ಕಡೆಗೆ ತಿರುಗಿವೆ. ವೇಣೂರಿಗೆ ವಾರಕ್ಕೆ ಬೇಕಾಗುವಷ್ಟು ಲಿಂಬೆ ಸಿಪ್ಪೆ ನನ್ನ ಅಂಗಡಿಯಲ್ಲಿ ಹುಟ್ಟಬೇಕು; ಜನ ಅನಾನಸೇ ಕೇಳುತ್ತಾರೆ. ಮೋಡ ಕವಿದರೆ ಯಾರೂ ಲಿಂಬೆ ಸೋಡಾ ಕುಡಿಯುವುದಿಲ್ಲ. ಬಂದು ಕುಳಿತವನ ಮುಖ ನೋಡಿ, "ಇವತ್ತು ಅನಾನಸು ಅಷ್ಟು ಒಳ್ಳೆಯದಿಲ್ಲ, ಲಿಂಬೆ ಮಾಡಿ ಕೊಡ್ತೇನೆ," ಎನ್ನುತ್ತೇನೆ. ಅವನು ಸುಲಿದಿಟ್ಟ ಹಳದಿ ಅನಾನಸನ್ನೂ ನನ್ನನ್ನೂ ಒಂದೊಂದು ಸಲ ನೋಡಿ, ಇದರಲ್ಲಿ ಇವನಿಗೆ ಎಂತ ಲಾಭ ಎಂದು ಯೋಚಿಸುತ್ತಾನೆ. ಆ ನೋಟ ನನಗೆ ಚೆನ್ನಾಗಿ ಗೊತ್ತು. ಲಿಂಬೆ ಕೊಯ್ಯುತ್ತೇನೆ.